ಫ್ಲಟರ್ ಆ್ಯಪ್ ಟೆಸ್ಟಿಂಗ್‌ಗೆ ಯಾವ ಓಪನ್ ಸೋರ್ಸ್ ಟೂಲ್? ಆಪಿಯಂ, ಮೇಸ್ಟ್ರೋ, ಪ್ಯಾಟ್ರೋಲ್?

ಅಡಿಕೆಪೇಟೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗದ ಒಂದು ಸಣ್ಣ ತಂಡ. ಅಡಿಕೆ ಮಂಡಿಗಳಿಗೆ ಲೆಕ್ಕ ಇಡುವ ಆ್ಯಪ್ ಮಾಡುತ್ತೇವೆ. ರೈತರ ಹೆಸರು, ರಾಶಿ ಎಷ್ಟು ಚೀಲ, ಬೆಟ್ಟೆ ಎಷ್ಟು (ಇವು ಅಡಿಕೆಯ ಬಗೆಗಳು), ತೂಕ, ಆ ದಿನದ ಧಾರಣೆ, ಕೊಟ್ಟ ಮುಂಗಡ, ಹಮಾಲಿ, ಕಮಿಷನ್, ಬಾಕಿ, ಎಲ್ಲ ಆದ ಮೇಲೆ ಪಟ್ಟಿಯನ್ನು, ಅಂದರೆ ಲೆಕ್ಕದ ಚೀಟಿಯನ್ನು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು, ಇಷ್ಟು ಅದರ ಕೆಲಸ. ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡಿಕೊಡುವ ಫ್ಲಟರ್‌ನಲ್ಲಿ ಬರೆದಿದ್ದೇವೆ. ಕನ್ನಡ, ಇಂಗ್ಲಿಷ್ ಎರಡೂ ಇದೆ, ಆದರೆ ಹೆಚ್ಚಿನವರು ಕನ್ನಡವೇ ಇಟ್ಟುಕೊಳ್ಳುತ್ತಾರೆ. ಫೋನುಗಳು ಜಾಸ್ತಿ ಶಿಯೋಮಿ, ರಿಯಲ್‌ಮಿ, ವಿವೋ. ಐಫೋನ್ ಇರುವ ಮಾಲೀಕರೂ ಕೆಲವರಿದ್ದಾರೆ.

ಈಗ ಟೆಸ್ಟಿಂಗ್ ಎಲ್ಲ ಕೈಯಲ್ಲೇ ನಡೆಯುತ್ತಿದೆ. ಟೆಸ್ಟರ್ ಒಬ್ಬರೇ. ಬಿಕಾಂ ಓದಿದವರು, ಕೋಡ್ ಬರೆಯುವುದಿಲ್ಲ, ಆದರೆ ಮಂಡಿ ಲೆಕ್ಕವನ್ನು ಅರೆದು ಕುಡಿದವರು. ಪ್ರತಿ ರಿಲೀಸ್‌ಗೂ ಅವರು ನಾಲ್ಕೈದು ಫೋನ್ ಮುಂದಿಟ್ಟುಕೊಂಡು ಅದದೇ ಎಂಟ್ರಿ ಹಾಕುತ್ತಾ ಕೂರುತ್ತಾರೆ. ಕಮಿಷನ್ ಲೆಕ್ಕದಲ್ಲಿ ಏನೋ ಸಣ್ಣದು ಬದಲಿಸಿದರೆ ಮುಂಗಡದ ಸ್ಕ್ರೀನ್ ಹಾಳಾಗಿರುತ್ತದೆ, ಅದು ಗೊತ್ತಾಗುವುದು ಮಂಡಿಯಿಂದ ಫೋನ್ ಬಂದಾಗ.

ಆ್ಯಪ್ ಅನ್ನು ಮನುಷ್ಯರ ಬದಲು ತಾನೇ ಒತ್ತಿ ಪರೀಕ್ಷಿಸುವ ಟೂಲ್ ಎಲ್ಲಿ ಹುಡುಕಿದರೂ ಮೊದಲು ಸಿಗುವ ಹೆಸರು ಆಪಿಯಂ. ಮೇಸ್ಟ್ರೋ ಸುಲಭ ಅಂತ ಕೆಲವರು, ಡಿಟಾಕ್ಸ್ ನೋಡಿ ಅಂತ ಇನ್ನು ಕೆಲವರು. ಟೆಸ್ಟ್ ಓಡಿಸಿಕೊಡುವ ಕ್ಲೌಡ್‌ಗೆ ತಿಂಗಳ ಬಾಡಿಗೆ ಕಟ್ಟುವ ಶಕ್ತಿ ನಮಗಿಲ್ಲ. ಆಫೀಸಿನಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಇದೆ, ಅದರಲ್ಲೇ ರಾತ್ರಿ ಓಡಿಸಬೇಕು. ಬಳಸಿದವರು ದಯವಿಟ್ಟು ಹೇಳಿ.

ಕಾಫಿಬೈಟು:

ಮೊದಲು ಡಿಟಾಕ್ಸ್ ಪಟ್ಟಿಯಿಂದ ತೆಗೆಯಿರಿ. ಒಳ್ಳೆಯ ಟೂಲ್, ವಿಕ್ಸ್ ಕಂಪನಿಯವರದು, ಆದರೆ ಅದು ರಿಯಾಕ್ಟ್ ನೇಟಿವ್ ಅನ್ನುವ ಬೇರೆ ಚೌಕಟ್ಟಿನಲ್ಲಿ ಬರೆದ ಆ್ಯಪ್‌ಗಳಿಗೆ. ನಿಮ್ಮದು ಫ್ಲಟರ್.

ನನ್ನ ಓಟು ಮೇಸ್ಟ್ರೋಗೆ. ಕಾರಣ ನಿಮ್ಮ ಟೆಸ್ಟರ್. ಟೆಸ್ಟ್ ಯಾರು ಬರೆಯುತ್ತಾರೆ, ಮುರಿದಾಗ ಯಾರು ಸರಿ ಮಾಡುತ್ತಾರೆ ಅನ್ನುವುದರ ಮೇಲೆ ಟೂಲ್ ಆರಿಸಬೇಕು. ಡೆವಲಪರ್‌ಗಳು ಬರೆದು ಕೊಡುತ್ತಾರೆ ಅಂತ ಹೊರಟ ತಂಡಗಳನ್ನು ನೋಡಿದ್ದೇನೆ. ರಿಲೀಸ್ ಹತ್ತಿರ ಬಂದ ಕೂಡಲೇ ಟೆಸ್ಟ್ ಮೂಲೆಗೆ ಹೋಗುತ್ತದೆ, ಆಮೇಲೆ ಯಾರೂ ಮುಟ್ಟುವುದಿಲ್ಲ.

ಮೇಸ್ಟ್ರೋದಲ್ಲಿ ಟೆಸ್ಟ್ ಅಂದರೆ ಒಂದು ಯಾಮಲ್ ಫೈಲ್, ಅಂದರೆ ಸಾದಾ ಪಠ್ಯದ ಫೈಲ್, ಅಷ್ಟೇ. ಒಂದೊಂದು ಸಾಲಿಗೆ ಒಂದೊಂದು ಆಜ್ಞೆ. ಲಾಂಚ್‌ಆ್ಯಪ್ ಅಂದರೆ ಆ್ಯಪ್ ತೆರೆಯುತ್ತದೆ. ಟ್ಯಾಪ್‌ಆನ್ ಮುಂದೆ 'ಹೊಸ ಎಂಟ್ರಿ' ಅಂತ ಬರೆದರೆ ಆ ಬಟನ್ ಒತ್ತುತ್ತದೆ. ಇನ್‌ಪುಟ್‌ಟೆಕ್ಸ್ಟ್ ಅಂದರೆ ತೂಕ ತುಂಬುತ್ತದೆ. ಅಸರ್ಟ್‌ವಿಸಿಬಲ್ ಮುಂದೆ '₹1,25,000' ಅಂತ ಬರೆದರೆ ಅದು ಸ್ಕ್ರೀನ್ ಮೇಲೆ ಇದೆಯಾ ಅಂತ ನೋಡುತ್ತದೆ. ಬಟನ್ ಬರುವುದು ಸ್ವಲ್ಪ ತಡವಾದರೆ ಅದೇ ಕಾಯುತ್ತದೆ, ನೀವು ಮಧ್ಯೆ ಮಧ್ಯೆ ಐದು ಸೆಕೆಂಡ್ ನಿಲ್ಲು ಅಂತ ಬರೆಯಬೇಕಿಲ್ಲ. ಕೋಡ್ ಬಾರದವರೂ ಬೇಗ ಕಲಿಯಬಹುದು. ಜಾವಾ 17 ಹಾಕಿದ್ದರೆ ನಿಮ್ಮ ಡೆಸ್ಕ್‌ಟಾಪ್‌ನಲ್ಲೇ ಓಡುತ್ತದೆ. ಅವರ ಕ್ಲೌಡ್‌ಗೆ ಮಾತ್ರ ದುಡ್ಡು, ಟೂಲ್ ಅಪಾಚೆ ಲೈಸೆನ್ಸ್‌ನಲ್ಲಿ ಉಚಿತ.

ಒಂದು ವಿಷಯ ಮೊದಲೇ ತಿಳಿದಿರಲಿ. ಅಲ್ಲಿ ಕೊಡುವ ಪಠ್ಯವನ್ನು ಅದು ರೆಗ್ಯುಲರ್ ಎಕ್ಸ್‌ಪ್ರೆಷನ್ (ಕಂಸದಂಥ ಚಿಹ್ನೆಗಳಿಗೆ ಬೇರೆ ಅರ್ಥ ಇರುವ ಹುಡುಕುವ ಮಾದರಿ) ಅಂತ ಓದುತ್ತದೆ, ಮತ್ತು ಪೂರ್ತಿ ಹೊಂದಬೇಕು. ಬಟನ್ ಮೇಲೆ ಕಂಸದೊಳಗೆ ಏನಾದರೂ ಬರೆದಿದ್ದರೆ ಕಣ್ಣಿಗೆ ಸರಿಯಾಗಿ ಕಂಡರೂ ಟೆಸ್ಟ್ 'ಸಿಗಲಿಲ್ಲ' ಅನ್ನಬಹುದು. ಆಗ ಪ್ರತಿ ಕಂಸದ ಮುಂದೆ ಹಿಂಗೆರೆ, ಅಂದರೆ ಬ್ಯಾಕ್‌ಸ್ಲ್ಯಾಷ್, ಹಾಕಬೇಕು.

ಬಸವನಗುಡಿ_ಕ್ಯೂಎ:

ಮೇಸ್ಟ್ರೋ ಸುಲಭ, ಒಪ್ಪುತ್ತೇನೆ. ಆದರೆ ಆಪಿಯಂ ಅನ್ನು ಹಾಗೆ ತಳ್ಳಿಬಿಡಬೇಡಿ.

ನಾನು ಈ ಕೆಲಸಕ್ಕೆ ಬಂದಾಗ ಎಲ್ಲರ ಬಾಯಲ್ಲೂ ಕ್ಯಾಲಬಾಷ್ ಅನ್ನುವ ಟೂಲ್ ಇತ್ತು. ಇಂಗ್ಲಿಷ್‌ನಲ್ಲೇ ಟೆಸ್ಟ್ ಬರೆಯಬಹುದು, ಯಾರು ಬೇಕಾದರೂ ಓದಬಹುದು ಅಂತ ಇದೇ ಮಾತುಗಳನ್ನು ಅದರ ಬಗ್ಗೆಯೂ ಹೇಳುತ್ತಿದ್ದರು. 2017ರಲ್ಲಿ ಅದನ್ನು ನಡೆಸುತ್ತಿದ್ದ ಕ್ಸಾಮರಿನ್‌ನವರು ಕೈ ತೊಳೆದುಕೊಂಡರು. ಅದರ ಮೇಲೆ ಕಟ್ಟಿದ ಟೆಸ್ಟ್‌ಗಳನ್ನೆಲ್ಲ ತಂಡಗಳು ಹೊಸದಾಗಿ ಬರೆಯಬೇಕಾಯಿತು. ಹಾಗಾಗಿ ಒಂದು ಕಂಪನಿಯ ಕೈಯಲ್ಲಿ ಮಾತ್ರ ಇರುವ ಟೂಲ್ ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ. ಮೇಸ್ಟ್ರೋ ಹಿಂದೆ ಇರುವುದು ಒಂದೇ ಕಂಪನಿ. ಆಪಿಯಂ ಇರುವುದು ಯಾವ ಒಂದು ಕಂಪನಿಗೂ ಸೇರದ ಓಪನ್‌ಜೆಎಸ್ ಫೌಂಡೇಶನ್‌ನಲ್ಲಿ. 2014ರಲ್ಲಿ 1.0 ಬಂತು, 2023ರಲ್ಲಿ 2.0. ಮಧ್ಯೆ ಎಷ್ಟೋ ಕಂಪನಿಗಳು ಬಂದು ಹೋದವು, ಅದು ಉಳಿಯಿತು. ವೆಬ್‌ಡ್ರೈವರ್ ಅನ್ನುವ ಸಾಮಾನ್ಯ ಪ್ರೋಟೋಕಾಲ್ ಮೇಲೆ ನಿಂತಿರುವುದರಿಂದ ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಯಾವುದರಲ್ಲಾದರೂ ಬರೆಯಬಹುದು. ಬೆಂಗಳೂರಿನಲ್ಲಿ ಟೆಸ್ಟರ್ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದರೆ ಕೇಳುವುದೂ ಅದನ್ನೇ, ನಿಮ್ಮ ಟೆಸ್ಟರ್ ಮುಂದಕ್ಕೂ ಅದು ಉಪಯೋಗ.

ಇನ್ನೊಂದು. ಅಸಲಿ ಐಫೋನ್ ಮೇಲೆ ಓಡಿಸಬೇಕು ಅಂದರೆ ಐಫೋನ್‌ಗೆಂದೇ ಇರುವ ಆಪಿಯಂನ ಎಕ್ಸ್‌ಸಿಯುಐಟೆಸ್ಟ್ ಡ್ರೈವರೇ ನಂಬಿಕೆಯ ದಾರಿ. ಮೇಸ್ಟ್ರೋ ಚೆನ್ನಾಗಿ ಓಡುವುದು ಐಒಎಸ್ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಮೇಲಿನ ನಕಲಿ ಐಫೋನ್‌ನಲ್ಲಿ. ಎರಡಕ್ಕೂ ಮ್ಯಾಕ್ ಬೇಕೇ ಬೇಕು, ನಿಮ್ಮ ಹಳೆ ಡೆಸ್ಕ್‌ಟಾಪ್ ಅಲ್ಲಿ ನಡೆಯುವುದಿಲ್ಲ.

ಕನ್ನಡ ಟೈಪ್ ಮಾಡಿಸುವುದನ್ನು ಮಾತ್ರ ಮೊದಲ ದಿನವೇ ಪರೀಕ್ಷಿಸಿ ನೋಡಿ. ಆಂಡ್ರಾಯ್ಡ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ತುಂಬಿಸುವುದು ಮೇಸ್ಟ್ರೋಗೆ ಬಹಳ ಕಾಲದಿಂದ ಇರುವ ತೊಂದರೆ. ಕಂಪ್ಯೂಟರ್‌ನಿಂದ ಆಂಡ್ರಾಯ್ಡ್ ಫೋನ್ ನಡೆಸುವ ಎಡಿಬಿಯ ಇನ್‌ಪುಟ್ ಆಜ್ಞೆಗೇ ಯೂನಿಕೋಡ್ ಬರುವುದಿಲ್ಲ. ಆಪಿಯಂನ ಆಂಡ್ರಾಯ್ಡ್ ಡ್ರೈವರ್ ಆದ ಯುಐಆಟೋಮೇಟರ್2 ಕೀಲಿಮಣೆಯ ಗೊಡವೆಗೆ ಹೋಗದೆ ಆ ಖಾನೆಗೆ ನೇರ ಪಠ್ಯ ಇಡುತ್ತದೆ, ಹಾಗಾಗಿ 'ರಾಮಪ್ಪ' ಸಲೀಸಾಗಿ ಹೋಗುತ್ತದೆ. ನಿಮ್ಮ ಆ್ಯಪ್‌ನಲ್ಲಿ ರೈತರ ಹೆಸರು ಕನ್ನಡದಲ್ಲೇ ತುಂಬುತ್ತಾರೆ ಅಲ್ವಾ?

ಕಷ್ಟ ಇಲ್ಲ ಅಂತ ಹೇಳುತ್ತಿಲ್ಲ. ನೋಡ್, ಡ್ರೈವರ್, ಆಂಡ್ರಾಯ್ಡ್ ಎಸ್‌ಡಿಕೆ ಎಲ್ಲ ಜೋಡಿಸಬೇಕು, ಎಲ್ಲಿ ಕಾಯಬೇಕು ಅಂತ ನೀವೇ ಬರೆಯಬೇಕು. ಕೋಡ್ ಬರೆಯುವವರು ಒಬ್ಬರು ಜೊತೆಗೆ ಕೂರದಿದ್ದರೆ ಆಗುವುದಿಲ್ಲ.

ಅಡಿಕೆಪೇಟೆ:

ಇಬ್ಬರಿಗೂ ಧನ್ಯವಾದ. ಹೌದು, ಹೆಸರು ಕನ್ನಡದಲ್ಲೇ. ಮೇಸ್ಟ್ರೋ ಹಾಕಿ ನೋಡಿದೆವು. ಲಾಗಿನ್, ಹೊಸ ಎಂಟ್ರಿ ಚೆನ್ನಾಗಿ ಓಡಿತು, ಟೆಸ್ಟರ್ ಮೇಡಂ ತಾವೇ ಬರೆದರು, ಖುಷಿಯಾದರು. ಆದರೆ ರೈತರ ಪಟ್ಟಿಯ ಸ್ಕ್ರೀನ್‌ನಲ್ಲಿ ನಿಂತುಹೋಗಿದೆ. 'ರಾಮಪ್ಪ' ಅಂತ ಎದುರಿಗೇ ಕಾಣುತ್ತದೆ, ಟ್ಯಾಪ್‌ಆನ್ ಮಾತ್ರ ಸಿಗುತ್ತಿಲ್ಲ ಅನ್ನುತ್ತದೆ. ಕಂಸ ಗಿಂಸ ಏನೂ ಇಲ್ಲ. 'ಬಿಲ್‌ಗಳು' ಬಟನ್‌ದೂ ಅದೇ ಕಥೆ. ಆಪಿಯಂಗೆ ಹೋದರೆ ಇದು ಸರಿ ಹೋಗುತ್ತದಾ?

ಡಾರ್ಟ್_ಮಲೆನಾಡು:

ಹೋಗುವುದಿಲ್ಲ. ಇದು ಟೂಲ್‌ನ ತೊಂದರೆಯೇ ಅಲ್ಲ, ಆ್ಯಪ್ ಅನ್ನು ಹೊರಗಿನಿಂದ ನೋಡುವ ಯಾವ ಟೂಲ್ ತಂದರೂ ಇಲ್ಲೇ ನಿಲ್ಲುತ್ತದೆ.

ಫ್ಲಟರ್ ತನ್ನ ಬಟನ್, ಪಟ್ಟಿ ಎಲ್ಲವನ್ನೂ ತಾನೇ ಬಿಡಿಸುತ್ತದೆ. ಹೊರಗಿನಿಂದ ನೋಡುವ ಆಪಿಯಂಗಾಗಲಿ ಮೇಸ್ಟ್ರೋಗಾಗಲಿ ಅದು ಒಂದು ದೊಡ್ಡ ಚಿತ್ರ. ಅವಕ್ಕೆ ಕಾಣುವುದು ಸೆಮ್ಯಾಂಟಿಕ್ಸ್ ಮರ ಮಾತ್ರ, ಅಂದರೆ ಕಣ್ಣು ಕಾಣದವರಿಗೆ ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಕೊಡುವ ಮಾಹಿತಿ. ನೀವು ಕೋಡ್‌ನಲ್ಲಿ ಗುರುತಿಗೆ ಹಾಕಿದ 'ಕೀ' ಹೊರಗೆ ಕಾಣುವುದೇ ಇಲ್ಲ. ಪಟ್ಟಿಯ ಸಾಲಿಗೆ ನೀವು ಫ್ಲಟರ್‌ನ ಲಿಸ್ಟ್‌ಟೈಲ್ ಬಳಸಿರಬೇಕು. ಅದು ತನ್ನೊಳಗಿನ ಪಠ್ಯವನ್ನೆಲ್ಲ ಒಟ್ಟುಗೂಡಿಸಿ ಒಂದೇ ಮಾಡುತ್ತದೆ. ಟೂಲ್‌ಗೆ ಅಲ್ಲಿ ಕಾಣುತ್ತಿರುವುದು 'ರಾಮಪ್ಪ' ಅಲ್ಲ, 'ರಾಮಪ್ಪ', ಅದರ ಕೆಳಗಿನ ಸಾಲಿನಲ್ಲಿ '12 ಚೀಲ', ಅದರ ಕೆಳಗೆ ಬಾಕಿ ಮೊತ್ತ, ಎಲ್ಲ ಸೇರಿದ ಒಂದು ಉದ್ದ ಪಠ್ಯ. ಪೂರ್ತಿ ಹೊಂದಬೇಕು ಅನ್ನುವ ನಿಯಮ ಇದೆಯಲ್ಲ, ಅದಕ್ಕೇ ಸಿಗುತ್ತಿಲ್ಲ.

ಪರಿಹಾರ: ಮುಖ್ಯವಾದ ಪ್ರತಿ ಬಟನ್, ಖಾನೆ, ಸಾಲಿಗೆ ಕೋಡ್‌ನಲ್ಲಿ ಸೆಮ್ಯಾಂಟಿಕ್ಸ್ ವಿಜೆಟ್ ಸುತ್ತಿ ಐಡೆಂಟಿಫೈಯರ್, ಅಂದರೆ ಒಂದು ಗುರುತಿನ ಹೆಸರು, ಕೊಡಿ. ಆಂಡ್ರಾಯ್ಡ್‌ನಲ್ಲಿ ಅದು ರಿಸೋರ್ಸ್ ಐಡಿಯಾಗಿ ಕಾಣುತ್ತದೆ. ಆಮೇಲೆ ಪಠ್ಯದಿಂದ ಹುಡುಕುವುದನ್ನು ಬಿಟ್ಟು ಐಡಿಯಿಂದ ಹುಡುಕಿ. ಭಾಷೆ ಕನ್ನಡಕ್ಕೆ ಬದಲಿಸಿದರೂ ಇಂಗ್ಲಿಷ್‌ಗೆ ಬದಲಿಸಿದರೂ ಅದೇ ಟೆಸ್ಟ್ ಓಡುತ್ತದೆ. ಈ ಕೆಲಸವನ್ನು ಡೆವಲಪರ್‌ಗಳೇ ಮಾಡಬೇಕು, ಮೇಡಂ ಕೈಯಲ್ಲಿ ಆಗುವುದಲ್ಲ.

'ಬಿಲ್‌ಗಳು' ಬೇರೆ ಕಥೆ. ಲ್ ಮತ್ತು ಗ ಒತ್ತಕ್ಷರ ಆಗಬಾರದು ಅಂತ ನಡುವೆ ಒಂದು ಕಾಣದ ಅಕ್ಷರ ಕೂತಿರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್. ಅನುವಾದದ ಫೈಲ್‌ನಲ್ಲಿ ಒಂದು ರೀತಿ, ಟೆಸ್ಟ್ ಫೈಲ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಹೊಂದುವುದಿಲ್ಲ. ಓತ್ವದಲ್ಲೂ ಹೀಗೆ ಆಗುತ್ತದೆ. 'ತೋ' ಅನ್ನುವಲ್ಲಿ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಸ್ಕ್ರೀನ್ ಮೇಲೆ ಒಂದೇ ತರ, ಕಂಪ್ಯೂಟರ್‌ಗೆ ಬೇರೆ ಬೇರೆ. ಹಳೆ ಎನ್‌ಕೋಡಿಂಗ್‌ನಿಂದ ಪರಿವರ್ತಿಸಿದ ಪಠ್ಯ ಇದ್ದರೆ ಇದು ಬರುತ್ತದೆ. ಅನುವಾದದ ಫೈಲ್, ಟೆಸ್ಟ್ ಫೈಲ್ ಎರಡನ್ನೂ ಪೈಥಾನ್‌ನ ಯೂನಿಕೋಡ್‌ಡೇಟಾ ಮೂಲಕ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಓತ್ವದ ತಕರಾರು ಮುಗಿಯಿತು. ಕಾಣದ ಅಕ್ಷರ ಅದರಿಂದ ಹೋಗುವುದಿಲ್ಲ, ಅನುವಾದದ ಫೈಲ್‌ನಿಂದಲೇ ಕಾಪಿ ಮಾಡಿ ಅಂಟಿಸಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಕಮಿಷನ್ ಬದಲಿಸಿದರೆ ಮುಂಗಡ ಕೆಡುತ್ತದೆ ಅಂದಿರಲ್ಲ, ಅದನ್ನು ಹಿಡಿಯಲು ಫೋನೇ ಬೇಡ! ಲೆಕ್ಕವನ್ನು ಸ್ಕ್ರೀನ್ ಕೋಡ್‌ನಿಂದ ಬಿಡಿಸಿ ಬೇರೆ ಡಾರ್ಟ್ (ಫ್ಲಟರ್‌ನ ಭಾಷೆ) ಫೈಲ್‌ನಲ್ಲಿಟ್ಟು ಸಾದಾ ಯೂನಿಟ್ ಟೆಸ್ಟ್, ಅಂದರೆ ಆ ಲೆಕ್ಕವನ್ನಷ್ಟೇ ಪರೀಕ್ಷಿಸುವ ಕೋಡ್, ಬರೆಯಿರಿ. ಇಷ್ಟು ತೂಕ, ಇಷ್ಟು ಧಾರಣೆ, ಇಷ್ಟು ಹಮಾಲಿ, ಇಷ್ಟು ಮುಂಗಡ, ಕೊನೆಗೆ ಕೈಗೆ ಇಷ್ಟು. ನೂರಾರು ಲೆಕ್ಕ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ಮೇಡಂ ಒಂದು ಶೀಟ್‌ನಲ್ಲಿ ಲೆಕ್ಕ ಬರೆದುಕೊಟ್ಟರೆ ಅದನ್ನೇ ಓದಿ ಪರೀಕ್ಷಿಸುವಂತೆ ಮಾಡಬಹುದು. ಅವರ ನಿಜವಾದ ಬಲ ಇರುವುದು ಅಲ್ಲಿ. ಫೋನ್ ಮೇಲೆ ಓಡಿಸುವ ಟೆಸ್ಟ್ ಬೆರಳೆಣಿಕೆಯಷ್ಟು ಇದ್ದರೆ ಸಾಕು: ಲಾಗಿನ್, ಎಂಟ್ರಿ, ಪಟ್ಟಿ ಕಳಿಸುವುದು, ನೆಟ್ ಇಲ್ಲದಾಗ ಎಂಟ್ರಿ ಹಾಕಿ ಆಮೇಲೆ ಸಿಂಕ್ ಆಗುವುದು.

ಪ್ಯಾಟ್ರೋಲ್ ಬಗ್ಗೆ ಯಾರೂ ಹೇಳಲಿಲ್ಲ. ಇಡೀ ಆ್ಯಪ್ ಅನ್ನು ಓಡಿಸಿ ನೋಡುವ, ಫ್ಲಟರ್‌ನದೇ ಆದ ಇಂಟಿಗ್ರೇಷನ್ ಟೆಸ್ಟ್ ಮೇಲೆ ಕಟ್ಟಿದ್ದು. ಡಾರ್ಟ್‌ನಲ್ಲೇ ಬರೆಯುತ್ತೀರಿ, ಕೀಗಳನ್ನು ಒಳಗಿನಿಂದಲೇ ನೋಡುತ್ತದೆ, ಕನ್ನಡ ಪಠ್ಯವನ್ನೂ ಒಳಗಿನಿಂದಲೇ ತುಂಬುತ್ತದೆ. ಇಂಟಿಗ್ರೇಷನ್ ಟೆಸ್ಟ್‌ಗೆ ಮುಟ್ಟಲಾಗದ ಪರ್ಮಿಷನ್ ಕೇಳುವ ಡಬ್ಬಿ, ನೋಟಿಫಿಕೇಶನ್ ಇವನ್ನೂ ಒತ್ತುತ್ತದೆ. ಡೆವಲಪರ್‌ಗಳು ಟೆಸ್ಟ್ ಬರೆಯಲು ಒಪ್ಪಿದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ತುಂಗಾತೀರ:

ಟೂಲ್ ಚರ್ಚೆ ಮಧ್ಯೆ ಫೋನ್ ಮರೆಯಬೇಡಿ. ಶಿಯೋಮಿಯಲ್ಲಿ ಡೆವಲಪರ್ ಆಯ್ಕೆಗಳೊಳಗೆ ಯುಎಸ್‌ಬಿ ಡಿಬಗ್ಗಿಂಗ್ ಒಂದೇ ಆನ್ ಮಾಡಿದರೆ ಸಾಲದು. ಅದರ ಕೆಳಗೆ ಸೆಕ್ಯೂರಿಟಿ ಸೆಟ್ಟಿಂಗ್ಸ್ ಅಂತ ಇನ್ನೊಂದು ಸ್ವಿಚ್ ಇದೆ, ಅದು ಆನ್ ಆಗದಿದ್ದರೆ ಹೊರಗಿನಿಂದ ಟ್ಯಾಪ್ ಮಾಡಲು ಬಿಡುವುದೇ ಇಲ್ಲ. ಅದಕ್ಕೆ ಮಿ ಅಕೌಂಟ್ ಮತ್ತು ಸಿಮ್ ಕೇಳುತ್ತದೆ. ಇನ್‌ಸ್ಟಾಲ್ ವಯಾ ಯುಎಸ್‌ಬಿ ಕೂಡ ಆನ್ ಮಾಡಿ. ರಿಯಲ್‌ಮಿಯಲ್ಲಿ ಪರ್ಮಿಷನ್ ಮಾನಿಟರಿಂಗ್ ನಿಲ್ಲಿಸುವ ಆಯ್ಕೆ ಹುಡುಕಿ. ಡೆವಲಪರ್ ಆಯ್ಕೆಗಳಲ್ಲೇ ಇರುವ ಅನಿಮೇಶನ್ ಸ್ಕೇಲ್ ಮೂರನ್ನೂ ಸೊನ್ನೆಗೆ ಇಳಿಸಿ. ರಾತ್ರಿ ಸುಮ್ನೆ ಫೇಲ್ ಆಗುವ ಟೆಸ್ಟ್‌ಗಳಲ್ಲಿ ಅರ್ಧಕ್ಕರ್ಧ ಇವೇ.

ಓಟಿಪಿಗೆ ನಿಜವಾದ ಎಸ್‌ಎಂಎಸ್ ಕಾಯುತ್ತಾ ಕೂರಬೇಡಿ. ಲಾಗಿನ್‌ಗೆ ಗೂಗಲ್‌ನ ಫೈರ್‌ಬೇಸ್ ಬಳಸುತ್ತಿದ್ದರೆ ಟೆಸ್ಟ್ ನಂಬರ್‌ಗೆ ಗೊತ್ತಾದ ಕೋಡ್ ಕಟ್ಟಿಕೊಡಬಹುದು. ವಾಟ್ಸ್‌ಆ್ಯಪ್ ಒಳಗೂ ಹೋಗಬೇಡಿ, ಶೇರ್ ಮಾಡುವ ಪರದೆ ಬಂತಾ, ಪಿಡಿಎಫ್ ಆಯಿತಾ ಅಷ್ಟು ನೋಡಿ ಬಿಡಿ. ಅದು ನಿಮ್ಮ ಆ್ಯಪ್ ಅಲ್ಲ.

ಅಡಿಕೆಪೇಟೆ:

ಲಿಸ್ಟ್‌ಟೈಲ್ ಅಂದಿದ್ದು ನೂರಕ್ಕೆ ನೂರು ನಿಜ. ಐಡೆಂಟಿಫೈಯರ್ ಕೊಟ್ಟ ತಕ್ಷಣ ರಾಮಪ್ಪ ಸಿಕ್ಕ.

ನಮ್ಮಲ್ಲಿ ಮಾತಾಡಿಕೊಂಡೆವು. ಲೆಕ್ಕವನ್ನು ಬೇರೆ ಮಾಡಿ ಯೂನಿಟ್ ಟೆಸ್ಟ್ ಬರೆಯುವುದು ಮೊದಲ ಕೆಲಸ, ಮೇಡಂ ಆಗಲೇ ಹಳೆ ಪಟ್ಟಿಗಳನ್ನು ನೋಡಿ ಶೀಟ್ ಮಾಡುತ್ತಿದ್ದಾರೆ, ಗೊರಬಲು, ಸರಕು ಬಗೆಯ ಅಡಿಕೆಯನ್ನೂ ಸೇರಿಸಿ. ಫೋನ್ ಮೇಲಿನ ನಾಲ್ಕೈದು ದಾರಿಗಳು ಮೇಸ್ಟ್ರೋದಲ್ಲಿ, ಅವರದೇ ಜವಾಬ್ದಾರಿ. ಕನ್ನಡ ಹೆಸರು ತುಂಬುವುದು ನಮ್ಮ ವರ್ಷನ್‌ನಲ್ಲೂ ಆಗಲಿಲ್ಲ, ಅದೊಂದನ್ನು ಪ್ಯಾಟ್ರೋಲ್‌ನಲ್ಲಿ ನಮ್ಮ ಹುಡುಗ ಬರೆಯುತ್ತಾನೆ. ಐಫೋನ್ ಒಂದು ಉಳಿಯಿತು. ಒಬ್ಬರ ಮ್ಯಾಕ್‌ಬುಕ್ ಇದೆ. ಆಪಲ್‌ನ ಉಚಿತ ಅಕೌಂಟ್‌ನಲ್ಲೇ ಅಸಲಿ ಫೋನ್ ಮೇಲೆ ಆಪಿಯಂ ಓಡಿಸಬಹುದಾ?

ಬಸವನಗುಡಿ_ಕ್ಯೂಎ:

ಓಡಿಸಬಹುದು. ಫೋನ್ ಮೇಲೆ ವೆಬ್‌ಡ್ರೈವರ್‌ಏಜೆಂಟ್ ಅನ್ನುವ ಸಣ್ಣ ಆ್ಯಪ್ ಕೂರಬೇಕು, ಅದಕ್ಕೆ ಮ್ಯಾಕ್‌ನ ಎಕ್ಸ್‌ಕೋಡ್‌ನಲ್ಲಿ ನಿಮ್ಮ ಡಿಜಿಟಲ್ ಸಹಿ ಹಾಕಬೇಕು. ಉಚಿತ ಅಕೌಂಟ್‌ನ ಸಹಿ 7 ದಿನಕ್ಕೆ ಮುಗಿಯುತ್ತದೆ, ಮತ್ತೆ ಹಾಕಬೇಕು. ಆ್ಯಪ್ ಸ್ಟೋರ್‌ನಲ್ಲಿ ನಿಮ್ಮ ಆ್ಯಪ್ ಇದೆ ಅಂದರೆ ದುಡ್ಡು ಕಟ್ಟಿದ ಡೆವಲಪರ್ ಅಕೌಂಟ್ ಈಗಾಗಲೇ ಇರುತ್ತದೆ. ಅದನ್ನೇ ಬಳಸಿ, ಆ ರಗಳೆ ಇರುವುದಿಲ್ಲ.