‘ಪತಂಗ’ ಅಂದರೆ ಮಕ್ಕಳು ಆಕಾಶ ನೋಡುತ್ತಾರೆ

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ಮಾತ್’ (moth) ಅನ್ನುವ, ಚಿಟ್ಟೆಯ ಹಾಗೇ ಕಾಣುವ ಹುಳಕ್ಕೆ ಬೆಳಗಾವಿ ಕಡೆಯ ಮಕ್ಕಳಿಗೆ ಒಗ್ಗುವ ಪದ ಯಾವುದು? ಪುಸ್ತಕಗಳಲ್ಲಿ ‘ಪತಂಗ’ ಅಂತಿರುತ್ತದೆ. ಆದರೆ ಇಲ್ಲಿ ಪತಂಗ ಅಂದರೆ ಗಾಳಿಪಟ. ಮರಾಠಿಯಲ್ಲೂ ಅದೇ ಅರ್ಥ. ಸಂಸ್ಕೃತಕ್ಕೆ ಹೋದರೆ ಇನ್ನೂ ಗೋಜಲು, ಅಲ್ಲಿ ಹಕ್ಕಿಯೂ ಪತಂಗವೇ, ಸೂರ್ಯನೂ ಪತಂಗವೇ!

ಮೇ ರಜೆಯಲ್ಲಿ ಓಣಿಯ ಮಕ್ಕಳನ್ನು ಕಟ್ಟಿಕೊಂಡು ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆ ಹುಳ ನೋಡಲು ಹೋಗಿದ್ದೆವು. ಹಳ್ಳದ ಒದ್ದೆ ಮರಳಿನ ಮೇಲೆ ತಿಳಿಹಳದಿ ಚಿಟ್ಟೆಗಳು ರೆಕ್ಕೆ ಮಡಚಿ ಗುಂಪಾಗಿ ಕೂತಿದ್ದವು. ಸುರುಳಿ ಸೊಂಡಿಲು ಬಿಚ್ಚಿ ಮರಳಿನ ತೇವ ಹೀರುತ್ತಿದ್ದವು. ಮಕರಂದದಲ್ಲಿ ಉಪ್ಪಿನಂಶ ತೀರಾ ಕಡಿಮೆ, ಅದಕ್ಕೇ ಈ ಪಾಡು. ಹೀಗೆ ಕೂರುವುದು ಜಾಸ್ತಿ ಗಂಡುಗಳೇ. ಇವುಗಳ ಹೆಸರಿಗೆ ತಕರಾರು ಬರಲಿಲ್ಲ. ದೊಡ್ಡವರು ಪಾತರಗಿತ್ತಿ ಅಂದರು, ಮಕ್ಕಳು ಚಿಟ್ಟೆ ಅಂದರು, ಮರಾಠಿ ಮನೆಯ ಹುಡುಗಿ ಫುಲ್‌ಪಾಖರೂ ಅಂದಳು.

ತಕರಾರು ಶುರುವಾದದ್ದು ಮರದ ಬೊಡ್ಡೆಯ ಹತ್ತಿರ. ತೊಗಟೆಯ ಬಣ್ಣದ್ದೇ ಒಂದು ಹುಳ ರೆಕ್ಕೆ ಹರಡಿ ಅಂಟಿಕೊಂಡಿತ್ತು. ‘ನೋಡಿ, ಪತಂಗ’ ಅಂದೆ. ಎಲ್ಲರೂ ಕತ್ತೆತ್ತಿದರು. ಒಬ್ಬ ಕೇಳಿಯೇ ಬಿಟ್ಟ, ‘ಎಲ್ಲೈತ್ರೀ ಕಾಕಾ, ದಾರ ಕಾಣವಲ್ದು?’

ವ್ಯತ್ಯಾಸ ತೋರಿಸುವುದು ಕಷ್ಟವಲ್ಲ. ಚಿಟ್ಟೆಯ ತಲೆಯ ಮೇಲಿನ ಕುಡಿಮೀಸೆಯ ತುದಿ ಬೆಂಕಿಕಡ್ಡಿಯ ತಲೆಯ ಹಾಗೆ ಉಬ್ಬಿರುತ್ತದೆ. ಇದರದ್ದು ಸಾಮಾನ್ಯವಾಗಿ ಚೂಪು, ಇಲ್ಲವೇ ಕವಲು ಕವಲು. ಕಷ್ಟ ಇರುವುದು ಹೆಸರಿನಲ್ಲೇ.

‘ರಾತ್ರಿಚಿಟ್ಟೆ’ ಅನ್ನೋಣ ಅಂದರೆ ಹಗಲಲ್ಲಿ ಹಾರುವ ಮಾತ್‌ಗಳೂ ಇವೆ, ಮುಸ್ಸಂಜೆಗೆ ಹೊರಡುವ ಚಿಟ್ಟೆಗಳೂ ಇವೆ. ‘ದೀಪದ ಹುಳ’ ಸೊಗಸಾಗಿದೆ. ಆದರೆ ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲಿಗೂ ಜನ ಅದನ್ನೇ ಅಂದುಬಿಡುತ್ತಾರೆ. ರೈತರನ್ನು ಕೇಳಿದರೆ ‘ಕೀಡಿ’ ಅನ್ನುತ್ತಾರೆ. ಅದು ಎಲೆ, ಕಾಯಿ ತಿನ್ನುವ ಮರಿಹುಳಕ್ಕೆ. ರೆಕ್ಕೆ ಬಂದ ಮೇಲೆ ಅದು ಬೆಳೆ ತಿನ್ನುವುದಿಲ್ಲ, ಹೆಸರಿಡುವ ಗೊಡವೆ ಯಾರಿಗೆ ಬೇಕು, ಅಲ್ವಾ?

ಸದ್ಯಕ್ಕೆ ‘ಪತಂಗದ ಹುಳ’ ಅನ್ನುತ್ತಿದ್ದೇನೆ. ಉದ್ದವಾಯಿತು, ಆದರೆ ಯಾರೂ ಕತ್ತೆತ್ತುವುದಿಲ್ಲ. ಬಾಗಲಕೋಟೆ, ವಿಜಯಪುರದ ಕಡೆ ಅಜ್ಜಿಯರ ಬಾಯಲ್ಲಿ ಇದಕ್ಕೆ ಬೇರೆ ಪದ ಇದೆಯೇ?

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಬೇಸಿಗೆಯ ಕಾಡಿನಲ್ಲಿ ಕಿವಿ ತೂತು ಬೀಳುವಂತೆ ಕಿರುಚುವ ಸಿಕಾಡಾವನ್ನೂ ಜೀರುಂಡೆ ಅನ್ನುತ್ತೇವೆ, ಗಟ್ಟಿ ಚಿಪ್ಪಿನ ಬೀಟಲ್‌ನನ್ನೂ ಜೀರುಂಡೆ ಅನ್ನುತ್ತೇವೆ. ಮೊದಲನೆಯದು ಗಿಡದ ರಸ ಹೀರುವಂಥದ್ದು, ತೆಳು ರೆಕ್ಕೆ. ಕಿರುಚುವುದು ಗಂಡು ಮಾತ್ರ, ಅದೂ ಹೊಟ್ಟೆಯ ಪಕ್ಕದ ಪೊರೆ ಅದುರಿಸಿ. ಎರಡನೆಯದು ಕಚ್ಚಿ ತಿನ್ನುವಂಥದ್ದು. ಬೀಟಲ್‌ಗೆ ಕೃಷಿಯವರ ‘ದುಂಬಿ’ಯನ್ನೇ ಇಟ್ಟುಕೊಳ್ಳಬಹುದೇನೋ. ಆಗ ಕವಿಗಳ ದುಂಬಿಗೆ ಏನು ಹೇಳೋಣ?