ಗೇಮ್ ಬಾಯ್ ಕಾರ್ಟ್ರಿಜ್: ಮೊದಲು ಬ್ಯಾಟರಿಯೋ, ಬ್ಯಾಕಪ್ಪೋ?

ಮಂಜಿನೂರು (ಮಡಿಕೇರಿ):
ಆರ್ಡುಯಿನೋ ಮೆಗಾ 2560 ಬೋರ್ಡ್ ಮೇಲೆ ಕಟ್ಟಿದ ಓಪನ್ ಸೋರ್ಸ್ ಕಾರ್ಟ್ರಿಜ್ ರೀಡರ್ (ಆಟದ ಕಾರ್ಟ್ರಿಜ್ ಓದಿ ಫೈಲ್ ಮಾಡುವ ಸಾಧನ) ಇದೆ. ಪೋಕೆಮಾನ್ ಗೋಲ್ಡ್ ಓದಿಸಿದರೆ ಪ್ರತಿ ಸಲ ಬೇರೆ ಚೆಕ್‌ಸಮ್ (ಓದಿದ್ದು ಸರಿಯೇ ಎಂದು ತಾಳೆ ನೋಡುವ ಸಂಖ್ಯೆ) ಬರುತ್ತಿದೆ. ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿದೆ. ಒಳಗಿನ ಸೇವ್ (ಆಡಿ ಉಳಿಸಿದ ಆಟ) ಇನ್ನೂ ಉಳಿದಿದೆ. ಮೊದಲು ಬ್ಯಾಟರಿ ಬದಲಿಸಲೇ? ಟಿವಿ ಗೇಮ್‌ನ 60 ಪಿನ್ ಕಾರ್ಟ್ರಿಜ್‌ಗಳೂ ಇವೆ, ಅವನ್ನು ಓದಿಸುವುದು ಹೇಗೆ?

ಬೆಸುಗೆ (ವಿರಾಜಪೇಟೆ):
ಬ್ಯಾಟರಿ ಮುಟ್ಟಲೇಬೇಡಿ! ಸೇವ್ ಇರುವುದು ಕರೆಂಟ್ ಇದ್ದರಷ್ಟೇ ನೆನಪಿಡುವ ಮೆಮೊರಿ ಚಿಪ್ ಆದ 32 ಕೆಬಿ ಎಸ್‌ರ‍್ಯಾಮ್‌ನಲ್ಲಿ. ಬ್ಯಾಟರಿ ತೆಗೆದರೆ ಅದು ಅಳಿಸಿಹೋಗುತ್ತದೆ.

ಮೊದಲು ಕಿಲುಬು ತೆಗೆಯಿರಿ. 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಪಿನ್‌ನ ಉದ್ದಕ್ಕೆ ಒರೆಸಿ, ಬಡ್ ಬಿಳಿಯಾಗಿಯೇ ಬರುವವರೆಗೆ. ಗಟ್ಟಿ ಕಲೆಗೆ ಮೆತ್ತನೆಯ ರಬ್ಬರ್ ಸಾಕು. ಉಪ್ಪುಕಾಗದ ಬೇಡ, ಚಿನ್ನದ ಲೇಪ ಎದ್ದುಹೋಗುತ್ತದೆ. ಕಕ್ಕಡದ ಮಳೆಯಲ್ಲಿ ಆಲ್ಕೋಹಾಲ್ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಜೋಪಾನ.

ರೀಡರ್‌ನ ವೋಲ್ಟೇಜ್ ಸ್ವಿಚ್ 5 ವೋಲ್ಟ್‌ನಲ್ಲಿರಲಿ. ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ಗಾದರೆ ಕಡ್ಡಾಯವಾಗಿ 3.3, 5 ಕೊಟ್ಟರೆ ಚಿಪ್ ಸುಟ್ಟೀತು. ಪವರ್ ಇರುವಾಗ ಕಾರ್ಟ್ರಿಜ್ ಹಾಕುವುದು, ಕೀಳುವುದು ಮಾಡಬೇಡಿ. ಸೇವ್ ಎರಡು ಸಲ ಓದಿಸಿ, ಎರಡೂ ಫೈಲ್ 32,768 ಬೈಟ್ ಇದ್ದು ಬೈಟ್‌ಗೆ ಬೈಟ್ ಹೊಂದಬೇಕು.

ಮಂಜಿನೂರು:
ಕಿಲುಬು ಹೋಯಿತು, ರೋಮ್ (ಆಟದ ಪ್ರೋಗ್ರಾಂ ಇರುವ ಚಿಪ್) ಚೆಕ್‌ಸಮ್ ಸರಿ ಬಂತು. ಸೇವ್ ಫೈಲ್ ಮಾತ್ರ ಮೊದಲಿಂದ ಕೊನೆವರೆಗೂ ಎಫ್‌ಎಫ್ (ಏನೂ ಓದದಾಗ ಬರುವ ಬೈಟ್).

ಬೆಸುಗೆ:
ಹಾಗಿದ್ದರೆ ಎಡ್ರೆಸ್, ಡೇಟಾ ಲೈನ್‌ಗಳು ಸರಿ ಇವೆ. ಬ್ಯಾಂಕ್ (ರೋಮ್‌ನ ಒಂದೊಂದು ತುಂಡು) ಬದಲಾಗಿದೆ ಎಂದರೆ 3ನೇ ಪಿನ್, ಅಂದರೆ ರೈಟ್ ಸಿಗ್ನಲ್ ಕೂಡ ಸರಿ. ಉಳಿದದ್ದು 5ನೇ ಪಿನ್, ಎಸ್‌ರ‍್ಯಾಮ್‌ನ ಚಿಪ್ ಸೆಲೆಕ್ಟ್ (ಆ ಚಿಪ್ ಅನ್ನು ಆರಿಸುವ ಸಿಗ್ನಲ್). ರೋಮ್ ಓದಲು ಅದು ಬೇಕಿಲ್ಲ, ಸೇವ್ ಓದಲು ಅದಿಲ್ಲದೆ ಆಗದು. ಕಾರ್ಟ್ರಿಜ್‌ನಲ್ಲೂ ರೀಡರ್ ಸ್ಲಾಟ್‌ನಲ್ಲೂ ಆ ಒಂದು ಪಿನ್ ಮತ್ತೆ ಒರೆಸಿ. ಈ ಎಫ್‌ಎಫ್ ಫೈಲನ್ನು ತಪ್ಪಿಯೂ ವಾಪಸ್ ಬರೆಯಬೇಡಿ.

ಕಾಫಿ ಕಣ (ಸೋಮವಾರಪೇಟೆ):
ಸೇವ್ ಕೈಗೆ ಬಂದ ಮೇಲೆ ಬ್ಯಾಟರಿ. 3.8 ಎಂಎಂ ಗೇಮ್‌ಬಿಟ್ ಸ್ಕ್ರೂಡ್ರೈವರ್‌ನಿಂದ ಸ್ಕ್ರೂ ಬಿಚ್ಚಿ. ಗೋಲ್ಡ್‌ಗೆ ಟ್ಯಾಬ್ (ಬೆಸುಗೆ ಹಾಕುವ ಲೋಹದ ಪಟ್ಟಿ) ಇರುವ ಸಿಆರ್2025 ಸೆಲ್ ಬೇಕು. ಬರೀ ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಸೆಲ್ ಹಾಳಾಗುತ್ತದೆ. ಪ್ಲಸ್, ಮೈನಸ್ ನೋಡಿ ಕೂರಿಸಿ, ಆಮೇಲೆ ಸೇವ್ ಬರೆದು ಮತ್ತೊಮ್ಮೆ ಓದಿಸಿ ಹೋಲಿಸಿ. ಆಟದ ಗಡಿಯಾರ ಹೊಸದಾಗಿ ಹೊಂದಿಸಬೇಕಾಗುತ್ತದೆ. ನಮ್ಮ ಕಡೆ ಮಳೆಗಾಲದ ಕರೆಂಟ್ ನಂಬಿ ಬರೆಯಲು ಕೂರಬೇಡಿ, ಪವರ್ ಬ್ಯಾಂಕ್‌ನಿಂದ ರೀಡರ್ ನಡೆಸಿ.

60 ಪಿನ್‌ನವು ಫ್ಯಾಮಿಕಾಮ್ (ನಿಂಟೆಂಡೊದ ಜಪಾನಿ ಟಿವಿ ಗೇಮ್) ಮಾದರಿ. ಅದರ ಹೊರದೇಶದ ರೂಪವಾದ ಎನ್‌ಇಎಸ್‌ನ 72 ಪಿನ್ ಸ್ಲಾಟ್‌ಗೆ ಅಡಾಪ್ಟರ್ ಹಾಕಬೇಕು. ಒಳಗೆ ಕಪ್ಪು ಎಪಾಕ್ಸಿ ಬೊಟ್ಟಿರುವ ನೂರೆಂಟು ಆಟದ ಕಾರ್ಟ್ರಿಜ್ ಆದರೆ ಮ್ಯಾಪರ್ (ಬ್ಯಾಂಕ್ ಬದಲಿಸುವ ಸರ್ಕ್ಯೂಟ್‌ನ ಬಗೆ) ನೀವೇ ಆರಿಸಬೇಕು. ತಪ್ಪು ಮ್ಯಾಪರ್ ಕೊಟ್ಟರೆ ಒಂದೇ ಬ್ಯಾಂಕ್ ಮತ್ತೆ ಮತ್ತೆ ಬಂದು ಫೈಲ್ ತುಂಬುತ್ತದೆ. ಫೈಲಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಗೊತ್ತಾಗುತ್ತದೆ.