‘ಸೇಫ್‌ಗಾರ್ಡ್’ ಎಂಬುದಕ್ಕೆ ಊರಿನವರ ಕಿವಿಗೆ ಹತ್ತುವ ಕನ್ನಡ ಯಾವುದು? (ಜೊತೆಗೆ ‘ಕಣ್ಗಾವಲು’ ಬಗ್ಗೆ ಒಂದು ತಕರಾರು)

ಎಲ್ಲರಿಗೂ ನಮಸ್ಕಾರ.

ಒಂದು ಪದ ನಾಲ್ಕು ದಿನದಿಂದ ನಿದ್ದೆ ಕೆಡಿಸಿದೆ. ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ನೆಲ ಎಲ್ಲೆಲ್ಲಿ ಎಷ್ಟು ಕೆಡುತ್ತಿದೆ ಎಂದು ವರ್ಷವರ್ಷವೂ ಲೆಕ್ಕ ಇಡುವ ಯೋಜನೆಯೊಂದರ ನಾಲ್ಕು ಪುಟದ ಕಿರುಹೊತ್ತಗೆಯನ್ನು ಅನುವಾದಿಸುತ್ತಿದ್ದೇನೆ. ಇಂಗ್ಲಿಷ್ ಮೂಲ ತಯಾರಾದದ್ದು ಇಲ್ಲೇ ಬೆಂಗಳೂರಿನ ಎಸಿ ಕೋಣೆಯಲ್ಲಿ. ಕನ್ನಡವನ್ನು ಓದಿ ಹೇಳುವುದು ಸಿರಾ, ಹಿರಿಯೂರು ಕಡೆಯ ಗ್ರಾಮಸಭೆಗಳಲ್ಲಿ. ಮೂಲದಲ್ಲಿ ‘ಎನ್ವಿರಾನ್‌ಮೆಂಟಲ್ ಅಂಡ್ ಸೋಷಿಯಲ್ ಸೇಫ್‌ಗಾರ್ಡ್ಸ್’ ಎನ್ನುವ ಮಾತು ಹನ್ನೊಂದು ಸಲ ಬರುತ್ತದೆ. ಎಲ್ಲರೂ ಬರೆಯುವ ಹಾಗೆ ‘ಪರಿಸರ ಮತ್ತು ಸಾಮಾಜಿಕ ಸುರಕ್ಷತಾ ಕ್ರಮಗಳು’ ಎಂದು ಬರೆದು ಕೈ ತೊಳೆದುಕೊಂಡಿದ್ದೆ.

ನಮ್ಮ ಸೋದರಮಾವ ಕಣ್ಣಿನ ಪೊರೆ ಆಪರೇಷನ್ನಿಗೆಂದು ಸಿರಾ ಹತ್ತಿರದ ಹಳ್ಳಿಯಿಂದ ಬಂದು ರಾಜಾಜಿನಗರದ ನಮ್ಮ ಮನೆಯಲ್ಲಿದ್ದಾರೆ. ಎಡಗಣ್ಣಿಗೆ ಪಟ್ಟಿ, ಟೀವಿ ನೋಡುವ ಹಾಗಿಲ್ಲ, ಹೊತ್ತು ಹೋಗುವುದಿಲ್ಲ. ಓದ್ತೀನಿ ಕೇಳು ಮಾವ ಅಂತ ಕರಡನ್ನು ಓದಿದೆ. ‘ಸುರಕ್ಷತಾ ಕ್ರಮ’ಕ್ಕೆ ಬಂದ ಕೂಡಲೇ ಕೈಯೆತ್ತಿ ನಿಲ್ಲಿಸಿದರು. “ಸುರಕ್ಷತೆ ಯಾತಕವ್ವಾ? ಆ ಉಪಗ್ರಹ ಬಿದ್ಗಿದ್ದಾತು ಅಂತಲಾ?”

ಇಲ್ಲ ಮಾವ, ಇದು ಸಾಮಾಜಿಕ ಸುರಕ್ಷತೆ ಅಂದೆ. “ಓ, ಪಿಂಚಣಿ ಜಾಸ್ತಿ ಮಾಡ್ತಾರಾ?” ಅವರಿಗೆ ‘ಸಂಧ್ಯಾ ಸುರಕ್ಷಾ’ ಬರುತ್ತದೆ. ಸರ್ಕಾರದ ಬಾಯಲ್ಲಿ ‘ಸಾಮಾಜಿಕ ಭದ್ರತೆ’, ‘ಸುರಕ್ಷಾ’ ಎಂದರೆ ತಿಂಗಳಿಗೊಮ್ಮೆ ಬರುವ ದುಡ್ಡು ಅಂತಲೇ ಅವರು ಕೇಳಿಕೊಂಡು ಬಂದಿರುವುದು.

ನಕ್ಕೆ. ಆಮೇಲೆ ಅನ್ನಿಸಿತು, ಮಾವ ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ, ತಪ್ಪು ಬರೆದವಳು ನಾನು. ಕನ್ನಡದಲ್ಲಿ ಸುರಕ್ಷತೆ ಅಂದರೆ ಹೆಲ್ಮೆಟ್ಟು, ಗ್ಯಾಸ್ ಸಿಲಿಂಡರಿನ ವಾಷರ್ರು, ಕಾರ್ಖಾನೆ ಗೋಡೆಯ ಮೇಲಿನ ಬೋರ್ಡು. ಎಲ್ಲಿಂದಲೋ ಬಂದೆರಗುವ ಅಪಾಯಕ್ಕೆ ಅಡ್ಡ ಹಿಡಿಯುವುದು. ಇಲ್ಲಿ ಹೇಳಬೇಕಾಗಿರುವುದೇ ಬೇರೆ. ಈ ಯೋಜನೆಯಿಂದಲೇ ಜನಕ್ಕೂ ನೆಲಕ್ಕೂ ಆಗಬಹುದಾದ ಕೆಡುಕನ್ನು ಯೋಜನೆಯವರೇ ಮೊದಲು ಎಣಿಸಿ, ಹಾಗಾಗದಂತೆ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವುದು. ಅಪಾಯ ಮಾತಾಡುತ್ತಿರುವವನ ಕಡೆಯಿಂದಲೇ ಬರಬಹುದು. ‘ಸುರಕ್ಷತಾ ಕ್ರಮ’ ಈ ಮುಖ್ಯ ಸಂಗತಿಯನ್ನೇ ನುಂಗಿಹಾಕುತ್ತದೆ.

ಏಳೆಂಟು ನೂರು ಕಿಲೋಮೀಟರ್ ಮೇಲಿಂದ ಫೋಟೋ ತೆಗೆದರೆ ಯಾರಿಗೆ ಏನು ಕೆಡುಕು ಅಂತ ನೀವೂ ಕೇಳಬಹುದು. ಇಂಥ ಕೆಡುಕುಗಳನ್ನು ತಡೆಯಲೆಂದೇ ಇರುವ ವಿಶ್ವಬ್ಯಾಂಕಿನ ಈಗಿನ ಚೌಕಟ್ಟು 2018ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದದ್ದು. ಅದರಲ್ಲಿ ಹತ್ತು ಮಾನದಂಡಗಳಿವೆ, ಯೋಜನೆಗಳನ್ನು ಅಪಾಯದ ಮಟ್ಟ ನೋಡಿ ನಾಲ್ಕು ದರ್ಜೆಯಲ್ಲಿ ಕೂರಿಸುತ್ತಾರೆ. ಗುದ್ದಲಿ ಮುಟ್ಟದ, ಬರೀ ಲೆಕ್ಕ ಇಡುವ ಯೋಜನೆ ಕೆಳಗಿನ ದರ್ಜೆಗೆ ಜಾರುವುದು ಸಹಜ. ಆದರೆ ನಕ್ಷೆಯ ಮೇಲೆ ಒಂದು ಜಾಗ ‘ಕೆಟ್ಟ ನೆಲ’ ಅಂತ ಕೆಂಪಾಯಿತೋ, ಅದನ್ನು ‘ಸರಿಮಾಡಲು’ ಯಾರಾದರೂ ಬಂದೇ ಬರುತ್ತಾರೆ. ಅಹಮದಾಬಾದಿನ ಇಸ್ರೋ ಕೇಂದ್ರದ ಭೂನಕ್ಷೆಯ ಪ್ರಕಾರ 2018-19ರಲ್ಲಿ ದೇಶದ 9.78 ಕೋಟಿ ಹೆಕ್ಟೇರ್, ಅಂದರೆ ಶೇ 29.77ರಷ್ಟು ನೆಲ ಆ ಬಣ್ಣದ್ದು. 2030ರೊಳಗೆ 2.6 ಕೋಟಿ ಹೆಕ್ಟೇರ್ ಸರಿಪಡಿಸುತ್ತೇವೆಂದು ಭಾರತ ಮಾತು ಕೊಟ್ಟಿದೆ. ಗುರಿ ಇದ್ದ ಮೇಲೆ ಜಾಗ ಬೇಕು. ಜಾಗ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಊರ ಗೋಮಾಳ.

ಕನ್ನಡ ನಾಡಿಗೆ ಇದು ಹೊಸ ಕಥೆಯಲ್ಲ. 1984ರಲ್ಲಿ ಸಿ ಮತ್ತು ಡಿ ದರ್ಜೆಯ ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನನ್ನು ನೀಲಗಿರಿ ಬೆಳೆಯಲೆಂದು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಗೊತ್ತುಮಾಡಿದಾಗ ಕಾಗದದ ಮೇಲೆ ಅದು ಉಪಯೋಗವಿಲ್ಲದ ಪಾಳು. ದನ ಮೇಯಿಸುವವರಿಗೆ, ಸೌದೆ ತರುವವರಿಗೆ ಅದೇ ಬದುಕು. 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆದದ್ದು ಈ ‘ಪಾಳು’ ಎನ್ನುವ ಪದದ ಮೇಲೆಯೇ ಅಂತ ನನ್ನ ಎಣಿಕೆ.

ತಿರುಗುಮುರುಗು ಕೂಡ ಆಗುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಚೆಲ್ಲುತ್ತದೆ. ಇವೆರಡರ ವ್ಯತ್ಯಾಸ ನೋಡಿ ಉಪಗ್ರಹದವರು ಹಸಿರು ಎಷ್ಟು ಅಂತ ಅಳೆಯುತ್ತಾರೆ. ಬಳ್ಳಾರಿ ಜಾಲಿ ಹಬ್ಬಿದ ಹುಲ್ಲುಗಾವಲು ಈ ಅಳತೆಯಲ್ಲಿ ‘ಸುಧಾರಿಸಿದೆ’. ಮಾವನನ್ನು ಕೇಳಿದರೆ, “ಆ ಮುಳ್ಳು ಬಂದ ಮ್ಯಾಲೆ ಕುರಿ ಒಳೀಕ್ಕೆ ಹೋಗಾಕಿಲ್ಲ, ನೆಲ ಹಾಳಾತು ಕಣವ್ವಾ.” ಒಂದೇ ಜಾಗ, ಮೇಲಿನಿಂದ ಹಸಿರು, ಕೆಳಗಿನಿಂದ ಹಾಳು. ಸೇಫ್‌ಗಾರ್ಡ್ ಎನ್ನುವುದರಲ್ಲಿ ಕುರಿ ಮೇಯಿಸುವವನ ಈ ಮಾತನ್ನು ಕೇಳಿಯೇ ನಕ್ಷೆಗೆ ಬಣ್ಣ ಹಾಕಬೇಕೆಂಬುದೂ ಸೇರುತ್ತದೆ.

ಇನ್ನೊಂದು ಕೆಡುಕು ಹೊಲದವರಿಗೆ. ಈ ಭಾಗ ಅನುವಾದಿಸುವಾಗ ಒಂದು ಲೆಕ್ಕ ಸಿಕ್ಕಿ ಖುಷಿಯಾಯಿತು, ನಿಮಗೂ ಉಪಯೋಗವಾದೀತು. ‘ಹತ್ತು ಮೀಟರ್ ರೆಸಲ್ಯೂಷನ್’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸೆಂಟಿನೆಲ್-2 ಉಪಗ್ರಹದ ಒಂದು ಚೌಕ 10 ಮೀಟರಿಗೆ 10 ಮೀಟರ್, 100 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರ್! ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚೌಕ ಹೆಚ್ಚುಕಮ್ಮಿ ಒಂಬತ್ತು ಗುಂಟೆ. ಮೋಡಿಸ್ ಎಂಬ ಉಪಗ್ರಹ ಕ್ಯಾಮೆರಾದ 250 ಮೀಟರ್ ಚೌಕ ಹದಿನೈದೂವರೆ ಎಕರೆಗೆ ಸ್ವಲ್ಪ ಕಡಿಮೆ. ‘ಈ ಉಪಗ್ರಹ ಗುಂಟೆ ಗುಂಟೆಯನ್ನೂ ಬೇರೆ ಬೇರೆಯಾಗಿ ನೋಡಬಲ್ಲದು, ಆ ಉಪಗ್ರಹಕ್ಕೆ ಹದಿನೈದು ಎಕರೆ ಸೇರಿ ಒಂದೇ ಚುಕ್ಕಿ’ ಎಂದು ಬರೆದೆ. ಮಾವನಿಗೆ ತಟ್ಟನೆ ಹೊಳೆಯಿತು: “ಅಂಗಾದ್ರೆ ಮೊದಲ್ನೇದ್ರಾಗೆ ನಮ್ಮೊಲ ಸಿಕ್ಕಾಕ್ಕೊಂತು.” ಹೌದು. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಬರುವ ಕಾಲದಲ್ಲಿ, ಯಾರ ಹೊಲ ಕೆಂಪು ಅಂತ ಹುಡುಕುವುದು ಕಷ್ಟವಲ್ಲ. ನಾಳೆ ಸಾಲ ಕೊಡುವವನೋ ಜಮೀನು ಕೊಳ್ಳುವವನೋ ಅದನ್ನೇ ಮುಂದೆ ಹಿಡಿದರೆ? ಸರ್ವೆ ನಂಬರಿನ ಮಟ್ಟದಲ್ಲಿ ನಕ್ಷೆ ಹೊರಗೆ ಬಿಡುವುದಿಲ್ಲ ಎಂಬ ಕಟ್ಟು ಮೂಲದಲ್ಲಿದೆ. ಇದಕ್ಕೆ ‘ಸುರಕ್ಷತೆ’ ಅನ್ನಲು ನನಗೆ ನಾಲಿಗೆ ಬರುತ್ತಿಲ್ಲ.

ಈಗ ತಕರಾರಿನ ವಿಷಯ. ಮಾನಿಟರಿಂಗ್ ಎಂಬುದಕ್ಕೆ ಪತ್ರಿಕೆಗಳು ‘ಕಣ್ಗಾವಲು’ ಎಂದು ಬರೆಯುವ ರೂಢಿ ಮಾಡಿವೆ. ಚಂದದ ಪದ, ಆದರೆ ಅದನ್ನು ಹೆಚ್ಚು ಬಳಸುವುದು ಪೊಲೀಸರ ಕ್ಯಾಮೆರಾಗಳಿಗೆ. ‘ನಿಮ್ಮ ಭೂಮಿಯ ಮೇಲೆ ಉಪಗ್ರಹ ಕಣ್ಗಾವಲು’ ಎಂದು ಗ್ರಾಮಸಭೆಯಲ್ಲಿ ಓದಿದರೆ ಒತ್ತುವರಿ ಹಿಡಿಯಲು ಬಂದರು ಅಂತಲೇ ಅರ್ಥ. ‘ಮೇಲ್ವಿಚಾರಣೆ’ಗೆ ಯಜಮಾನಿಕೆಯ ವಾಸನೆ. ‘ಉಸ್ತುವಾರಿ’ಗೆ ಒಬ್ಬ ಸಚಿವರು ಅಂಟಿಕೊಂಡಿದ್ದಾರೆ. ‘ನಿಗಾ’ ಆಸ್ಪತ್ರೆಯ ತೀವ್ರ ನಿಗಾ ಘಟಕದಿಂದಾಗಿ ಸ್ವಲ್ಪ ಗಾಬರಿ ಹುಟ್ಟಿಸಿದರೂ, ಅದರಲ್ಲಿ ಕಾಳಜಿಯಿದೆ, ಅಪವಾದವಿಲ್ಲ. ನಾನು ‘ನಿಗಾ’ ಇಟ್ಟುಕೊಂಡಿದ್ದೇನೆ.

ಕಣ್ಗಾವಲು ಬಿಟ್ಟು ಬರೀ ‘ಕಾವಲು’ ಎಂಬುದನ್ನು ಸೇಫ್‌ಗಾರ್ಡಿಗೇ ಕೊಟ್ಟುಬಿಡೋಣ ಎಂದು ಒಂದು ರಾತ್ರಿ ಹುಮ್ಮಸ್ಸು ಬಂದಿತ್ತು. ಕಾ, ಕಾಪು, ಕಾಪಾಡು ಎಲ್ಲ ಒಂದೇ ಬಳ್ಳಿ. ಬೆಳಿಗ್ಗೆ ಮಾವ ಆ ಹುಮ್ಮಸ್ಸನ್ನೂ ಇಳಿಸಿದರು. ಅವರ ಸೀಮೆಯಲ್ಲಿ ಕಾವಲು ಅಂದರೆ ಒಂದು ಜಾಗ, ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದು, ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಆದ ದನಗಳ ಇಲಾಖೆಗೆಂದು ಬಿಟ್ಟ ಹುಲ್ಲುಗಾವಲು. ‘ಪರಿಸರ ಕಾವಲು’ ಎಂದರೆ ಅಲ್ಲಿ ಹೊಸದೊಂದು ಹುಲ್ಲುಗಾವಲಿಗೆ ಬೇಲಿ ಹಾಕುತ್ತಾರೆಂದು ತಿಳಿಯುತ್ತಾರೆ. (ಹುಲ್ಲು ಕಾದಿಟ್ಟ ಜಾಗಕ್ಕೆ ‘ಕಾವಲು’ ಎಂದೂ, ಕಂದಾಯ ದಾಖಲೆಯಲ್ಲಿ ‘ಹುಲ್ಲುಬನ್ನಿ ಖರಾಬು’ ಎಂದೂ ಹೆಸರಿಟ್ಟ ಭಾಷೆಯಲ್ಲಿ, ಅದನ್ನೆಲ್ಲ ‘ಬಂಜರು’ ಎಂಬ ಒಂದೇ ಮೂಟೆಗೆ ತುಂಬುವುದು ಅನ್ಯಾಯ. ಅದು ಇನ್ನೊಂದು ದಿನದ ಚರ್ಚೆ.)

ಮೂಲದಲ್ಲಿ ಬರುವ ಇನ್ನೊಂದು ಪದ ‘ಡೆಸರ್ಟಿಫಿಕೇಶನ್’, ನೆಲ ಕೆಟ್ಟು ಮರಳುಗಾಡಿನಂತಾಗುವುದು. ಅದಕ್ಕೆ ಪಠ್ಯಪುಸ್ತಕಗಳು ‘ಮರುಭೂಮೀಕರಣ’ ಎನ್ನುತ್ತವೆ. ದಯವಿಟ್ಟು ಇದನ್ನು ಬಿಟ್ಟುಬಿಡೋಣ. ‘ಮರುಮುದ್ರಣ’, ‘ಮರುಮದುವೆ’, ‘ಮರು ಅರಣ್ಯೀಕರಣ’ ಕೇಳಿದ ಕಿವಿಗೆ ‘ಮರುಭೂಮೀಕರಣ’ ಎಂದರೆ ಭೂಮಿಯನ್ನು ಮತ್ತೆ ಮೊದಲಿನಂತೆ ಮಾಡುವುದು, ನೇರ ಉಲ್ಟಾ ಅರ್ಥ! ಸಂಸ್ಥೆಯ ಹುಡುಗನೊಬ್ಬ ಅದನ್ನು ಒಳ್ಳೆಯ ಕೆಲಸವೆಂದೇ ತಿಳಿದು ‘ಮರುಭೂಮೀಕರಣಕ್ಕೆ ಕೈಜೋಡಿಸಿ’ ಅಂತ ಪೋಸ್ಟರ್ ಬರೆದಿದ್ದ. ಪ್ರೆಸ್ಸಿಗೆ ಹೋಗುವ ಮುಂಚೆ ಕಣ್ಣಿಗೆ ಬಿತ್ತು.

ನೆಲ ಕೆಡುವುದು ಎಂಬರ್ಥದ ಡಿಗ್ರೇಡೇಶನ್ ಎಂಬುದಕ್ಕೂ ಹೀಗೇ. ‘ಸವಕಳಿ’ ಎಂದರೆ ಮಣ್ಣು ಕೊಚ್ಚಿಹೋಗುವುದಷ್ಟೇ (ಲೆಕ್ಕಪತ್ರದವರಿಗೆ ಯಂತ್ರದ ಬೆಲೆ ಇಳಿಯುವುದೂ ಸವಕಳಿಯೇ). ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಕೆಟ್ಟ ನೆಲವನ್ನು ಅಳೆಯುವ 15.3.1ನೇ ಸೂಚಕ ನೋಡುವುದು ಮೂರನ್ನು: ನೆಲದ ಹೊದಿಕೆ, ಇಳುವರಿಯ ಕಸುವು, ಮಣ್ಣಿನಲ್ಲಿರುವ ಇಂಗಾಲ. ಮೂರರಲ್ಲಿ ಒಂದು ಇಳಿದರೂ ಕೆಟ್ಟ ನೆಲವೇ. ಸವಕಳಿಯ ಪುಟ್ಟ ಚೀಲದಲ್ಲಿ ಇದು ಹಿಡಿಸುವುದಿಲ್ಲ. ‘ಬರಡು’ ಎಂದರೆ ಇನ್ನು ಗರ್ಭ ಕಟ್ಟದು ಎಂಬ ಕಡೆಯ ತೀರ್ಪು. ಮಾವ ಆಡುವ ಮಾತು ‘ನೆಲ ಸೊರಗೈತೆ’. ಸೊರಗಿದ ದನವನ್ನು ಮೇಯಿಸಿ ಎಬ್ಬಿಸಬಹುದಲ್ಲವೆ? ‘ನೆಲ ಸೊರಗುವುದು’ ಎಂದೇ ಹಾಕಿದ್ದೇನೆ. ಪಂಡಿತರು ಬೈದರೆ ಬೈಯಲಿ.

‘ಗ್ರೀವೆನ್ಸ್’ ಎಂಬಲ್ಲಿ ‘ಕುಂದುಕೊರತೆ’ ತೆಗೆದು ‘ತಕರಾರು’ ಮಾಡಿದೆ. ಖಾತೆ ಬದಲಾವಣೆಯ ನೋಟಿಸಿಗೆ ತಕರಾರು ಸಲ್ಲಿಸುವುದು ರೈತರಿಗೆ ಹೊಸದಲ್ಲ. ‘ಸ್ಟೇಕ್‌ಹೋಲ್ಡರ್’ ಎಂಬುದನ್ನು ‘ಪಾಲುದಾರ’ ಎಂದರೆ ಜಮೀನಿನಲ್ಲಿ ಪಾಲು ಕೇಳಲು ಬಂದರೆಂದು ಹೊಡೆದಾಟವಾದೀತು; ‘ಸಂಬಂಧಪಟ್ಟವರು’ ಸಾಕು.

ಮತ್ತೆ ಸೇಫ್‌ಗಾರ್ಡಿಗೆ. ಸಂವಿಧಾನದ 338ನೇ ವಿಧಿಯ ಹಿಂದಿ ಪಾಠದಲ್ಲಿ ಇದಕ್ಕೆ ‘ರಕ್ಷೋಪಾಯ’ ಎಂದಿದೆ. ಅರ್ಥ ಹತ್ತಿರದ್ದೇ. ಆದರೆ ನಮ್ಮ ಆಡುಮಾತಿನಲ್ಲಿ ಉಪಾಯ ಎಂದರೆ ನರಿಯದು, ಅದರ ಹಿಂದೆ ‘ರಕ್ಷೋ’ ಸೇರಿದರೆ ರಾಕ್ಷಸರ ಉಪಾಯದಂತೆ ಕೇಳುತ್ತದೆ. ‘ಬದು’ ಎನ್ನೋಣವೆಂದರೆ ಬದು ಎಂದರೆ ಅಣ್ಣತಮ್ಮಂದಿರ ಜಗಳ. ಸದ್ಯಕ್ಕೆ ಕೈಯಲ್ಲಿರುವುದು ‘ಹಾನಿತಡೆ ಕಟ್ಟಳೆಗಳು’. ಅರಿಸಮಾಸ ಅಂತ ನನಗೂ ಗೊತ್ತು. ‘ಕೇಡುತಡೆ’ ಎಂದರೆ ವ್ಯಾಕರಣದ ದೋಷ ಹೋಗುತ್ತದೆ, ಆದರೆ ಮಾಟಮಂತ್ರದ ತಾಯಿತದ ಹಾಗೆ ಕೇಳುವುದಿಲ್ಲವೆ?

ಹೊಸ ಪದವನ್ನು ಜನ ಒಪ್ಪುವುದಿಲ್ಲ ಎಂಬುದನ್ನು ಮಾತ್ರ ನಾನು ನಂಬುವುದಿಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳಲ್ಲಿ ನಡೆದಾಗಲೂ ಮೇಲಿಂದ ನಿಗಾ ಇಟ್ಟದ್ದು ಇಸ್ರೋ ಉಪಗ್ರಹಗಳೇ. ‘ಜಲಾನಯನ’ದಂಥ ನಾಲಿಗೆ ಹೊರಳದ ಪದವನ್ನು ಮಾವ ಇವತ್ತಿಗೂ ಸಲೀಸಾಗಿ ಆಡುತ್ತಾರೆ: “ಜಲಾನಯನದೋರು ಬದ ಹಾಕ್ಸಿದ್ರು.” ಬದು ಬಂತು, ಪದವೂ ಉಳಿಯಿತು.

ನಿನ್ನೆ ಸಂಜೆ ಕಾಫಿ ಹೊತ್ತಿನಲ್ಲಿ ಇಡೀ ವಿಷಯವನ್ನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಗೋಮಾಳಕ್ಕೆ ಬೇಲಿ ಹಾಕಿಸಲ್ಲ, ಸರ್ವೆ ನಂಬರು ಹೊರಗೆ ಬಿಡಲ್ಲ, ಕೇಳದೆ ಡ್ರೋನ್ ಹಾರಿಸಲ್ಲ, ಹೊಲದಲ್ಲಿ ಮಣ್ಣು ತೆಗೆದ ಗುಂಡಿ ಮುಚ್ಚಿ ಹೋಗ್ತೀವಿ, ಸಭೆಗೆ ಪಹಣಿ ಇರುವ ಗಂಡಸರನ್ನಷ್ಟೇ ಅಲ್ಲ, ಹೆಂಗಸರನ್ನೂ ಕುರಿಯವರನ್ನೂ ಕರೀತೀವಿ, ಇವೆಲ್ಲ ಅವರೇ ಬರೆದುಕೊಡುವ ಮಾತು ಮಾವ ಅಂದೆ. ಲೋಟ ಕೆಳಗಿಟ್ಟು, “ಮುಚ್ಚಳಿಕೆ ಅನ್ನು ಮತ್ತೆ” ಅಂದರು.

ಎದೆ ಝಲ್ಲೆಂದಿತು. ವಿಶ್ವಬ್ಯಾಂಕಿನ ಚೌಕಟ್ಟಿನಲ್ಲಿ ಸಾಲ ಪಡೆಯುವವರು ಇಂಥಿಂಥದನ್ನು ಇಂಥ ಹೊತ್ತಿಗೆ ಮಾಡುತ್ತೇವೆಂದು ಬರೆದು, ಸಾಲದ ಒಪ್ಪಂದಕ್ಕೇ ಸೇರಿಸುವ ‘ಕಮಿಟ್‌ಮೆಂಟ್ ಪ್ಲಾನ್’ ಎಂಬ ಒಂದು ಪತ್ರವಿದೆ. ಅದಕ್ಕೆ ಇದಕ್ಕಿಂತ ಒಪ್ಪುವ ಪದ ಇಲ್ಲ. ಯಾರಿಂದ ಕೆಡುಕಾಗಬಹುದೋ ಅವನೇ ಬರೆದುಕೊಡಬೇಕು ಎಂಬುದು ಪದದೊಳಗೇ ಇದೆ. ಕಟ್ಟಳೆಗೆ ‘ಹಾನಿತಡೆ’, ಬರೆದುಕೊಡುವ ಪತ್ರಕ್ಕೆ ‘ಮುಚ್ಚಳಿಕೆ’ ಎಂದು ಹಂಚಿ ಕಳಿಸಿದೆ.

ಸಂಸ್ಥೆಯಿಂದ ಅರ್ಧ ಗಂಟೆಯಲ್ಲಿ ಫೋನು. “ಮೇಡಂ, ಮುಚ್ಚಳಿಕೆ ಅಂದ್ರೆ ನಾವೇನು ರೌಡಿಗಳಾ? ಬದ್ಧತಾ ಯೋಜನೆ ಅಂತ ಹಾಕಿ.” ಅವರ ಸಂಕಟವೂ ಸುಳ್ಳಲ್ಲ. ಠಾಣೆಯಲ್ಲಿ, ಹೆಡ್‌ಮಾಸ್ಟರ್ ಮುಂದೆ ಸಿಕ್ಕಿಬಿದ್ದವರು ಬರೆದುಕೊಡುವ ಕಾಗದ ಅದು. ಆದರೆ ‘ಬದ್ಧತಾ ಯೋಜನೆ’ ಎಂದು ಓದಿದರೆ ಮಾವನ ಬಲಗಣ್ಣೂ ಮುಚ್ಚಿಕೊಳ್ಳುತ್ತದೆ.

ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ‘ಹಾನಿತಡೆ’ಗಿಂತ ಒಳ್ಳೆಯದು ಹೊಳೆದರೆ ಹೇಳಿ. ಕಲಬುರಗಿ, ಬೀದರ್, ರಾಯಚೂರು ಕಡೆಯವರಲ್ಲಿ ಇನ್ನೊಂದು ಕೇಳಿಕೆ: ನಿಮ್ಮಲ್ಲಿ ‘ಮುಚ್ಚಳಿಕೆ’ಗೆ ಪೊಲೀಸ್ ಠಾಣೆಯ ವಾಸನೆ ಇಷ್ಟೇ ಗಾಢವಾಗಿದೆಯೆ, ಅಥವಾ ಕೊಡುಕೊಳ್ಳುವ ಸಾದಾ ಕರಾರಿಗೂ ಆ ಮಾತು ನಡೆಯುತ್ತದೆಯೆ?